ಬಿದ್ದದ್ದನ್ನು ಮೊದಲು ಹೇಳಿ

ಕರಿಮೆಣಸಿನ ಕೊಯ್ಲಿನ ಕಾಲದಲ್ಲಿ ಏಣಿಯಿಂದ ಬಿದ್ದವರು ನಮ್ಮ ತುರ್ತು ವಿಭಾಗಕ್ಕೆ ಬರುತ್ತಲೇ ಇರುತ್ತಾರೆ. ಒಂದು ಸಂಜೆ ಸಿದ್ದಾಪುರದ ಕಡೆಯ ತೋಟದಿಂದ ಐವತ್ತರ ಆಸುಪಾಸಿನ ಕಾರ್ಮಿಕರೊಬ್ಬರನ್ನು ಜೀಪಿನಲ್ಲಿ ಕರೆತಂದರು. ದಾರಿಯಲ್ಲೇ ಎಲ್ಲೋ ಇಸಿಜಿ ಆಗಿತ್ತು. ತೋಟದ ಮಾಲೀಕರ ಮಗ ಕಾಗದ ಚಾಚಿ, "ಡಾಕ್ಟರೇ, ಹಾರ್ಟ್ ಅಟ್ಯಾಕ್ ಅಂತೆ. ಅಪ್ಪನ ಆಸ್ಪಿರಿನ್ ಜಗಿಸಿದ್ದೇವೆ. ಮೈಸೂರಿಗೆ ಬರೆದುಕೊಡಿ" ಎಂದರು.

ರೋಗಿಯ ಕಿವಿಯ ಹಿಂದೆ ರಕ್ತ ಒಣಗಿತ್ತು. ಕೇಳಿದ ಮೇಲೆ ಬಾಗಿಲಾಚೆ ನಿಂತಿದ್ದ ಹೆಂಡತಿ ಬಾಯಿಬಿಟ್ಟರು: "ಮಧ್ಯಾಹ್ನ ಏಣಿಯಿಂದ ಬಿದ್ದರು ಸಾರ್. ಎದ್ದು ನೀರು ಕುಡಿದರು. ಆಮೇಲೆ ಲೈನ್ ಮನೆಯಲ್ಲಿ ಮಲಗಿದರು."

ಈ ಒಂದು ಮಾತು ಕಡೆಗೆ ಬರುತ್ತದೆ. ಪ್ರತಿ ವರ್ಷವೂ ಹೀಗೆಯೇ.

ಮಿದುಳಿಗೆ ಪೆಟ್ಟು ಬಿದ್ದರೆ, ಅದರಲ್ಲೂ ಒಳಗೆ ರಕ್ತ ಸೋರಿದರೆ, ಇಸಿಜಿ ಕೆಡಬಹುದು. ಹೃದಯದ ರಕ್ತನಾಳ ಒಂದೂ ಕಟ್ಟಿರಬೇಕಾಗಿಲ್ಲ. ಹೃದಯದ ಬಡಿತಕ್ಕೆ ಮಿದುಳಿನ ಕಡಿವಾಣವಿದೆ. ಪೆಟ್ಟಿನ ಹೊಡೆತಕ್ಕೆ ಅನುವೇದಕ ನರಗಳು, ಅಂದರೆ ಗಾಬರಿಯಲ್ಲಿ ಎದೆಬಡಿತ ಏರಿಸುವ ನರಗಳು, ಕೆರಳಿ, ಹೃದಯದ ಸ್ನಾಯುವಿನಲ್ಲೇ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಸುರಿಯುತ್ತವೆ. ಜೀವಕೋಶಗಳಿಗೆ ಕ್ಯಾಲ್ಸಿಯಂ ನುಗ್ಗುತ್ತದೆ. ಪ್ರತಿ ಬಡಿತದ ನಂತರ ವಿದ್ಯುತ್ತು ಮೊದಲಿನ ಸ್ಥಿತಿಗೆ ಮರಳುವ ಕ್ರಮವೇ ತಪ್ಪುತ್ತದೆ. ಇಸಿಜಿ ಕಾಗದದಲ್ಲಿ ಈ ಮರಳುವಿಕೆಯನ್ನು ತೋರಿಸುವ ಟಿ ಅಲೆ ಆಳವಾಗಿ ತಲೆಕೆಳಗಾಗುತ್ತದೆ, ಬಡಿತದ ವಿದ್ಯುತ್ತು ಶುರುವಾಗಿ ಮರಳುವವರೆಗಿನ ಕ್ಯೂಟಿ ಅವಧಿ ಉದ್ದವಾಗುತ್ತದೆ. ಹೃದಯ ಘಾಸಿಗೊಂಡಾಗ ರಕ್ತದಲ್ಲಿ ಕಾಣುವ ಟ್ರೋಪೋನಿನ್ ಕೂಡ ಏರಬಹುದು. ಮಿದುಳಿನ ರಕ್ತಸ್ರಾವದಲ್ಲಿ ಇಂಥ ಇಸಿಜಿಯನ್ನು ಅಮೆರಿಕದ ಜಾರ್ಜ್ ಬರ್ಚ್ ಮತ್ತು ಸಂಗಡಿಗರು 1954ರಲ್ಲೇ ವಿವರಿಸಿದ್ದರು.

ಈಗ ಆಸ್ಪಿರಿನ್ ವಿಷಯ. ಅದು ರಕ್ತ ಹೆಪ್ಪುಗಟ್ಟುವುದಕ್ಕೆ ಅಡ್ಡಿಪಡಿಸುತ್ತದೆ. ಹೃದಯಾಘಾತದಲ್ಲಿ ಜೀವ ಉಳಿಸುವ ಅದೇ ಗುಣ, ತಲೆಬುರುಡೆಯೊಳಗೆ ಸೋರುತ್ತಿರುವ ರಕ್ತವನ್ನು ನಿಲ್ಲಗೊಡದು. ಹೃದ್ರೋಗಿಗಳಿಗೆ ಕೊಡುವ ಇಂಥದ್ದೇ ಮಾತ್ರೆ ಕ್ಲೋಪಿಡೋಗ್ರೆಲ್, ಹೆಪ್ಪು ಕರಗಿಸುವ ಚುಚ್ಚುಮದ್ದು, ಇವೆರಡೂ ಇನ್ನೂ ಅಪಾಯ. ಆದ್ದರಿಂದ ಬಿದ್ದವರಿಗೆ, ತಲೆಯ ಸಿಟಿ ಸ್ಕ್ಯಾನ್ ಆಗುವವರೆಗೆ, ಮನೆಯ ಮಾತ್ರೆ ಕೊಡಬೇಡಿ. ಕೊಟ್ಟಿದ್ದರೆ ಯಾವುದು, ಎಷ್ಟು ಹೊತ್ತಿಗೆ ಎಂದು ಹೇಳಿ. ಬೈಯುತ್ತೇನೆಂದು ಮುಚ್ಚಿಡಬೇಡಿ. ನನಗೆ ಬೇಕಾದದ್ದು ಆ ಗಂಟೆ ಮತ್ತು ಮಾತ್ರೆಯ ಪಟ್ಟಿ.

ತಿರುಗುಮುರುಗಾದದ್ದೂ ಉಂಟು. ಹೃದಯದ ಬಡಿತ ತಪ್ಪಿ, ತಲೆ ಸುತ್ತಿ ಏಣಿಯಿಂದ ಬಿದ್ದವರನ್ನೂ ನೋಡಿದ್ದೇನೆ. ಬರಿಯ ಇಸಿಜಿ ನೋಡಿ ಯಾವುದು ಮೊದಲು ಎಂದು ನಾನು ಹೇಳಲಾರೆ. ಸ್ಕ್ಯಾನ್, ಎಕೋ (ಹೃದಯದ ಅಲ್ಟ್ರಾಸೌಂಡ್), ಮತ್ತೆ ಮತ್ತೆ ತೆಗೆದ ಇಸಿಜಿ, ಎಲ್ಲವೂ ಬೇಕು. ಬೀಳುವಾಗ ಕಂಡವರು ಇದ್ದರೆ ಅವರನ್ನು ಜೀಪಿನಲ್ಲಿ ಕೂರಿಸಿಕೊಂಡು ಬನ್ನಿ.

"ನಾಡಿ ನಿಧಾನವಾಗಿದೆ, ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದಾರೆ" ಎಂಬ ಮಾತು ಕೇಳಿದರೆ ನನಗೆ ಭಯವಾಗುತ್ತದೆ. ತಲೆಯೊಳಗಿನ ಒತ್ತಡ ಹೆಚ್ಚಿದಾಗ ರಕ್ತದೊತ್ತಡ ಏರಿ ನಾಡಿ ಇಳಿಯುತ್ತದೆ, ಉಸಿರು ಏರುಪೇರಾಗುತ್ತದೆ. ಹಾರ್ವೆ ಕುಶಿಂಗ್ ಎಂಬ ಶಸ್ತ್ರವೈದ್ಯರು ಇಪ್ಪತ್ತನೇ ಶತಮಾನದ ಆರಂಭದಲ್ಲೇ ಇದನ್ನು ತೋರಿಸಿಕೊಟ್ಟರು. ಇದು ಕಂಡಾಗ ಬೆಳಗಿನವರೆಗೆ ಕಾಯುವಂತಿಲ್ಲ.

ವೈದ್ಯ ಮಿತ್ರರಿಗೆ ಒಂದೇ ಮಾತು: ಕ್ಯೂಟಿ 500 ಮಿಲಿಸೆಕೆಂಡ್ ದಾಟಿದವರಿಗೆ ವಾಂತಿ ನಿಲ್ಲಿಸಲು, ಕ್ಯೂಟಿಯನ್ನು ಇನ್ನಷ್ಟು ಉದ್ದ ಮಾಡಬಲ್ಲ ಆಂಡಾನ್‌ಸೆಟ್ರಾನ್ ಕೊಡುವ ಮುನ್ನ ಪೊಟ್ಯಾಸಿಯಂ, ಮೆಗ್ನೀಸಿಯಂ ನೋಡಿ.

ಆ ಕಾರ್ಮಿಕರ ಸ್ಕ್ಯಾನಿನಲ್ಲಿ ರಕ್ತ ಕಂಡಿತು. ನರಶಸ್ತ್ರಚಿಕಿತ್ಸೆಗೆ ಮೈಸೂರಿಗೆ ಕಳುಹಿಸಿದೆವು, ಆಸ್ಪಿರಿನ್ ಸಂಗತಿಯನ್ನು ಚೀಟಿಯ ಮೊದಲ ಸಾಲಿನಲ್ಲೇ ಬರೆದೆ. ಉಳಿದರು. ಕೆಲವು ವಾರಗಳ ನಂತರ ತೆಗೆದ ಇಸಿಜಿ ತನ್ನಷ್ಟಕ್ಕೆ ಸರಿಹೋಗಿತ್ತು. "ಮತ್ತೆ ಯಾವಾಗ ಏಣಿ ಹತ್ತಲಿ ಸಾರ್?" ಎಂದು ಕೇಳಿದರು. ಈ ಕೊಯ್ಲಿಗಂತೂ ಇಲ್ಲ ಎಂದೆ. ಅವರ ಹೆಂಡತಿ, ಮೊದಲ ಬಾರಿಗೆ, ಕುರ್ಚಿ ಎಳೆದುಕೊಂಡು ಕುಳಿತರು.