ಹಾವು, ಆಸಿಡ್ ಮತ್ತು ಅತ್ತೆಯ ಬಳೆ

ನಮ್ಮ ಸೋದರತ್ತೆಯ ಮನೆಗೆ ಒಂದು ಮಧ್ಯಾಹ್ನ ಪಾಲಿಶ್ ಪುಡಿ ಮಾರುವ ಇಬ್ಬರು ಬಂದಿದ್ದರು. ಮೊದಲು ಹಿತ್ತಾಳೆ ದೀಪವನ್ನು ಫಳಫಳ ಬೆಳಗಿದರು, ಆಮೇಲೆ ಬೆಳ್ಳಿ ಕುಂಕುಮದ ಬಟ್ಟಲು, ಕೊನೆಗೆ ಅತ್ತೆಯೇ ಕೈಬಳೆ ಬಿಚ್ಚಿ ಕೊಟ್ಟರು. ಬಳೆಯನ್ನು ಯಾವುದೋ ನೀರಲ್ಲಿ ಅದ್ದಿ, ಅರಿಶಿನದ ಜೊತೆ ಕುಕ್ಕರಿಗೆ ಹಾಕಿ, "ಅಮ್ಮಾ, ಹತ್ತು ನಿಮಿಷ ಮುಚ್ಚಳ ತೆಗೀಬೇಡಿ" ಅಂತ ಹೇಳಿ ಹೊರಟುಬಿಟ್ಟರು. "ಮಂಕುಬೂದಿ ಎರಚಿದ್ರು ಕಣೋ, ಬುದ್ಧಿ ನನ್ನ ಕೈಲಿರಲಿಲ್ಲ" ಅನ್ನುತ್ತಾರೆ ಅತ್ತೆ. ಪಕ್ಕದ ಮನೆಯವರ ಪ್ರಕಾರ ಅದು ಹಿಪ್ನಾಟಿಸಂ, ಅಂದರೆ ಸಮ್ಮೋಹನ.

ಹಾಗೆ ಮನಸ್ಸಿಗೆ ವಿರುದ್ಧವಾಗಿ ಕೆಲಸ ಮಾಡಿಸಲು ಆಗುತ್ತಾ? ಈ ಪ್ರಶ್ನೆ ಕೋರ್ಟಿಗೂ ಹೋಗಿದೆ. 1889ರಲ್ಲಿ ಪ್ಯಾರಿಸಿನಲ್ಲಿ ಗೂಫೆ ಎಂಬ ಕೋರ್ಟ್ ಅಮೀನನ ಕೊಲೆಯಾಯಿತು. ಆರೋಪಿ ಗೇಬ್ರಿಯೆಲ್ ಬೊಂಪಾರ್ ಸಮ್ಮೋಹನಕ್ಕೆ ಒಳಗಾಗಿದ್ದಳು ಅಂತ ಅವಳ ಪರ ವಾದ ನಡೆಯಿತು. ನಡೀಲಿಲ್ಲ, ಶಿಕ್ಷೆಯಾಯಿತು.

ಆದರೆ ನನಗೆ ಅದಕ್ಕಿಂತ ಇಷ್ಟವಾಗುವುದು ಮಾರ್ಟಿನ್ ಓರ್ನ್ ಮತ್ತು ಫ್ರೆಡರಿಕ್ ಇವಾನ್ಸ್ ಎಂಬ ಮನೋವಿಜ್ಞಾನಿಗಳು 1965ರಲ್ಲಿ ಪ್ರಕಟಿಸಿದ ಪ್ರಯೋಗ. ಆಳವಾಗಿ ಸಮ್ಮೋಹನಗೊಂಡ 6 ಜನಕ್ಕೆ ಅವರು ಹೇಳಿದ್ದು ಇಷ್ಟು: ಈ ವಿಷದ ಹಾವನ್ನು ಕೈಯಲ್ಲಿ ಹಿಡಿ. ಹೊಗೆಯಾಡುವ ನೈಟ್ರಿಕ್ ಆಸಿಡ್‌ನಲ್ಲಿ ಬಿದ್ದಿರುವ ನಾಣ್ಯವನ್ನು ಬರಿಗೈಯಲ್ಲಿ ತೆಗಿ. ಆಸಿಡನ್ನು ಈ ಸಹಾಯಕನ ಮುಖಕ್ಕೆ ಎರಚು. 5 ಜನ ಮಾಡಿಯೇಬಿಟ್ಟರು! ಯಾರಿಗೂ ಏನೂ ಆಗಲಿಲ್ಲ ಅನ್ನಿ, ಹಾವಿಗೂ ಕೈಗೂ ನಡುವೆ ಕಣ್ಣಿಗೆ ಕಾಣದ ಗಾಜು ಇತ್ತು, ಆಸಿಡ್ ತಾಕಿದ ಕೈಯನ್ನು ತಕ್ಷಣ ತೊಳೆದರು, ಎರಚುವ ಹೊತ್ತಿಗೆ ಆಸಿಡನ್ನೇ ಬದಲಾಯಿಸಿದ್ದರು.

ಇಲ್ಲಿಗೇ ನಿಲ್ಲಿಸಿದ್ದರೆ ಸಮ್ಮೋಹನ ಗೆದ್ದ ಹಾಗೆ, ಅಲ್ವಾ? ಆದರೆ ಅವರು ಇನ್ನೂ 6 ಜನರನ್ನು ಕರೆದು, ಸುಮ್ನೆ ಸಮ್ಮೋಹನಗೊಂಡ ಹಾಗೆ ನಟಿಸಿ ಅಂದಿದ್ದರು. ಪೂರ್ತಿ ಎಚ್ಚರದಲ್ಲಿದ್ದ ಆ 6 ಜನವೂ ಅಷ್ಟನ್ನೂ ಮಾಡಿದರು. ಯಾಕೆ ಅಂತ ಕೇಳಿದರೆ, ಇದು ಪ್ರಯೋಗ, ಇವರು ಯಾರಿಗೂ ಅಪಾಯ ಆಗಲು ಬಿಡಲ್ಲ ಅಂತ ನಂಬಿದ್ದರಂತೆ. ಅಂದರೆ ಹಾವಿನ ಕಡೆ ಕೈ ಚಾಚಿಸಲು ಸಮ್ಮೋಹನ ಬೇಕಾಗಿಯೇ ಇರಲಿಲ್ಲ, ನಂಬಿಕೆ ಸಾಕಿತ್ತು.

ಹಾಗಂತ ಸಮ್ಮೋಹನ ಬರೀ ನಾಟಕ ಅಲ್ಲ. ಚೆನ್ನಾಗಿ ಒಳಗಾಗುವವರಿಗೆ "ನಿಮ್ಮ ಕೈ ಹಗುರಾಗುತ್ತಿದೆ" ಅಂದರೆ ಕೈ ತಾನಾಗೇ ಮೇಲೆದ್ದ ಹಾಗೆ ಅನ್ನಿಸುತ್ತದೆ. ಎತ್ತುವವರು ಅವರೇ, ನಾನೇ ಎತ್ತುತ್ತಿದ್ದೇನೆ ಅನ್ನುವ ಅನುಭವ ಮಾತ್ರ ಇರುವುದಿಲ್ಲ. ಕೆಲವರಿಗೆ ನೋವೂ ತಗ್ಗುತ್ತದೆ. ಎಲ್ಲರೂ ಒಂದೇ ಥರ ಒಳಗಾಗುವುದಿಲ್ಲ, ಅದನ್ನು ಅಳೆಯಲೆಂದೇ 1959ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಒಂದು ಅಳತೆಗೋಲು ಬಂತು. ಸ್ಟೇಜ್ ಶೋ ಮಾಡುವವರಿಗೂ ಈ ಗುಟ್ಟು ಗೊತ್ತು. ಮೊದಲು ಇಡೀ ಸಭೆಗೆ ಬೆರಳು ಹೆಣೆದುಕೊಳ್ಳಿ, ಇನ್ನು ಬಿಡಿಸಲು ಆಗಲ್ಲ ಅಂತಾರೆ, ಬಿಡಿಸಲು ಆಗದವರನ್ನೇ ಮೇಲೆ ಕರೀತಾರೆ. ಅಷ್ಟು ಜನರ ಮುಂದೆ ನಿಂತ ಮೇಲೆ ಆಟ ಕೆಡಿಸಲು ಯಾರಿಗೆ ಮನಸ್ಸು ಬರುತ್ತೆ?

ಅತ್ತೆಯ ಮನೆಗೆ ಬಂದವರ ನೀರಲ್ಲೂ ನೈಟ್ರಿಕ್ ಆಸಿಡ್ ಇದ್ದಿರಬೇಕು. ಅದಕ್ಕೆ ಹೈಡ್ರೋಕ್ಲೋರಿಕ್ ಆಸಿಡ್ ಬೆರೆಸಿದರೆ ಚಿನ್ನವೂ ಕರಗುತ್ತದೆ. ಕುಕ್ಕರ್ ತೆಗೆದಾಗ ಬಳೆ ಒಳಗೇ ಇತ್ತು, ತೂಕ ಮಾತ್ರ ಇಳಿದಿತ್ತು. ಯಾರೋ ಏನೋ, ಗೊತ್ತಿಲ್ಲದವರಿಗೆ ಬಳೆ ಯಾಕೆ ಕೊಟ್ರಿ ಅತ್ತೆ ಅಂತ ಒಮ್ಮೆ ಕೇಳಿದ್ದೆ.

"ದೀಪ ಅಷ್ಟು ಚೆನ್ನಾಗಿ ಬೆಳಗಿದ್ನಲ್ಲೋ" ಅಂದರು.