ಬ್ಯಾಬಿಲೋನ್: ಅರವತ್ತರ ಲೆಕ್ಕ, ಒದ್ದೆಯಾದ ಸಾಲಪತ್ರ

ಮೊದಲು ಇಸವಿಗಳನ್ನು ಒಂದೇ ಉಸಿರಿನಲ್ಲಿ ಮುಗಿಸಿಬಿಡೋಣ. ಇಂದಿನ ಇರಾಕಿನಲ್ಲಿದ್ದ ಬ್ಯಾಬಿಲೋನನ್ನು ಹಮ್ಮುರಬಿ ಆಳಿದ್ದು ಕ್ರಿ.ಪೂ. 1792ರಿಂದ 1750. ಕ್ರಿ.ಪೂ. 1595ರಲ್ಲಿ ಹಿಟ್ಟೈಟರ ದಾಳಿ, ಆಮೇಲೆ ಕ್ಯಾಸೈಟರ ಆಳ್ವಿಕೆ. ನಗರದ ಇಷ್ತಾರ್ ದ್ವಾರಕ್ಕೆ ನೀಲಿ ಇಟ್ಟಿಗೆ ಹೊದಿಸಿದ 2ನೇ ನೆಬುಕಡ್ನೆಜರ್ ಕ್ರಿ.ಪೂ. 605ರಿಂದ 562. ಕ್ರಿ.ಪೂ. 539ರಲ್ಲಿ ಪರ್ಷಿಯಾದ ಸೈರಸ್ ನಗರವನ್ನು ಹಿಡಿದ. ಹಮ್ಮುರಬಿಗೂ ನೆಬುಕಡ್ನೆಜರನಿಗೂ ನಡುವೆ 1,100ಕ್ಕೂ ಹೆಚ್ಚು ವರ್ಷಗಳ ಅಂತರ. ಪರೀಕ್ಷೆಯಲ್ಲಿ ಉತ್ತರ ಬರೆಯುವಾಗ ಇಬ್ಬರನ್ನೂ ಅಕ್ಕಪಕ್ಕ ಕೂರಿಸುವ ತಪ್ಪು ಎಲ್ಲರಿಂದಲೂ ಆಗುತ್ತದೆ, ನನ್ನಿಂದಲೂ ಆಗಿದೆ.

ನನಗೆ ಈ ಜನ ಅರ್ಥವಾಗತೊಡಗಿದ್ದು ರಾಜರಿಂದಲ್ಲ, ಅವರ ಲೆಕ್ಕಪತ್ರಗಳಿಂದ. ಹಸಿ ಜೇಡಿಮಣ್ಣಿನ ಹಲಗೆ, ಜೊಂಡಿನ ಕಡ್ಡಿ. ಕಡ್ಡಿಯನ್ನು ನೆಟ್ಟಗೆ ಒತ್ತಿದರೆ ಬೆಣೆಯಂಥ ಗುರುತು, ಅದು 1. ಓರೆಯಾಗಿ ಒತ್ತಿದರೆ 10. ಈ ಎರಡೇ ಗುರುತುಗಳಿಂದ 59ರವರೆಗೆ ಬರೆಯಬಹುದು. 60 ಬಂದಾಗ ಮತ್ತೆ ಅದೇ ನೆಟ್ಟಗಿನ ಬೆಣೆ, ಆದರೆ ಎಡಗಡೆಯ ಮನೆಯಲ್ಲಿ. ನಮ್ಮ ಬಿಡಿ, ಹತ್ತು, ನೂರರ ಹಾಗೆಯೇ ಸ್ಥಾನಬೆಲೆ; ಅಲ್ಲಿ ಮನೆ ಬದಲಾಗುವುದು ಅರವತ್ತಕ್ಕೊಮ್ಮೆ, ಅಷ್ಟೇ.

ಬಿಡಿಸಿ ನೋಡಿ. ಎಡಕ್ಕೆ 1, ಬಲಕ್ಕೆ 15 ಇದ್ದರೆ 60 + 15 = 75. ಆದರೆ ಅದನ್ನೇ ಒಂದೂಕಾಲು ಎಂದೂ ಓದಬಹುದು, ಏಕೆಂದರೆ 15 ಎಂದರೆ ಅರವತ್ತರಲ್ಲಿ ಕಾಲುಭಾಗ. ಪೂರ್ಣಾಂಕ ಎಲ್ಲಿ ಮುಗಿಯಿತೆಂದು ತೋರಿಸಲು ಚುಕ್ಕಿ ಇರಲಿಲ್ಲ, ಸೊನ್ನೆಯೂ ಇರಲಿಲ್ಲ. ಖಾಲಿ ಜಾಗ ತೋರಿಸುವ ಗುರುತು ಬಂದದ್ದು ಬಹಳ ತಡವಾಗಿ. ಸಂದರ್ಭ ನೋಡಿ ಓದುಗನೇ ತಿಳಿದುಕೊಳ್ಳಬೇಕು. ತೊಡಕಿನ ಪದ್ಧತಿ ಅನಿಸುತ್ತದೆ, ನಿಜ. ಆದರೆ 60ನ್ನು 2, 3, 4, 5, 6, 10, 12, 15, 20, 30 ಎಲ್ಲವೂ ನಿಶ್ಶೇಷವಾಗಿ ಭಾಗಿಸುತ್ತವೆ. ಧಾನ್ಯ ಪಾಲು ಮಾಡುವವನಿಗೆ ಇದಕ್ಕಿಂತ ಅನುಕೂಲ ಬೇಕೆ?

ಯೇಲ್ ವಿಶ್ವವಿದ್ಯಾಲಯದಲ್ಲಿರುವ ಒಂದು ಹಲಗೆ ಅಂಗೈಯಷ್ಟೇ ದೊಡ್ಡದು. ಮೇಲೊಂದು ಚೌಕ, ಅದಕ್ಕೆ ಎರಡು ಕರ್ಣಗಳು. ಬಾಹುವಿನ ಪಕ್ಕ 30. ಕರ್ಣದ ಮೇಲೆ 1, 24, 51, 10. ನಮ್ಮ ಲೆಕ್ಕಕ್ಕೆ ತಂದರೆ 1 + 24/60 + 51/3,600 + 10/2,16,000, ಅಂದರೆ ಸುಮಾರು 1.414213. ಎರಡರ ವರ್ಗಮೂಲ! ಸುಮಾರು 3,700 ವರ್ಷ ಹಳೆಯ ಮಣ್ಣಿನಲ್ಲಿ ದಶಮಾಂಶದ ಐದನೇ ಸ್ಥಾನದವರೆಗೆ ಸರಿಯಾದ ಬೆಲೆ. ಕ್ಯಾಲ್ಕ್ಯುಲೇಟರ್ ಇಲ್ಲದೆ ಒಮ್ಮೆ ಮಾಡಿ ನೋಡಿ, ಆಗ ಗೊತ್ತಾಗುತ್ತದೆ.

ಕಾಲಗಣನೆ ನಮಗೆ ಪರಿಚಿತವೇ. ಅವರದೂ ಚಾಂದ್ರಮಾನ ತಿಂಗಳು. ವರ್ಷಕ್ಕೆ 354 ದಿನ, ಸೂರ್ಯನಿಗಿಂತ ಸುಮಾರು 11 ದಿನ ಹಿಂದೆ. ಹಾಗಾಗಿ ಆಗಾಗ ಒಂದು ತಿಂಗಳು ಸೇರಿಸಬೇಕು, ನಮ್ಮ ಪಂಚಾಂಗದ ಅಧಿಕ ಮಾಸದಂತೆ. ಮುಂದೆ 19 ವರ್ಷಕ್ಕೆ 7 ಅಧಿಕ ತಿಂಗಳು ಎಂಬ ಕ್ರಮ ಗಟ್ಟಿಯಾಯಿತು. ಹಮ್ಮುರಬಿಯ ಕಾಲದಲ್ಲಿ ಮಾತ್ರ ಅದು ರಾಜಾಜ್ಞೆಯಿಂದ ಆಗುತ್ತಿತ್ತು. ಅಧಿಕಾರಿ ಸಿನ್-ಇದ್ದಿನಮ್‌ಗೆ ಅವನು ಬರೆಸಿದ ಓಲೆಯೊಂದು ಉಳಿದಿದೆ. ವರ್ಷ ಕೊರತೆ ಬಿದ್ದಿದೆ, ಮುಂದಿನ ತಿಂಗಳನ್ನು ಎರಡನೇ ಉಲೂಲು ಎಂದು ದಾಖಲಿಸು, ಎಂಬುದು ಅದರ ಸಾರ. ಉಲೂಲು ಒಂದು ತಿಂಗಳ ಹೆಸರು, ಅದರ ನಂತರ ಬರುವುದು ತಶ್ರೀತು. ಜೊತೆಗೇ ಇನ್ನೊಂದು ಮಾತು: ತಶ್ರೀತು 25ಕ್ಕೆ ಬ್ಯಾಬಿಲೋನಿಗೆ ಬರಬೇಕಿದ್ದ ತೆರಿಗೆ ಈಗ ಎರಡನೇ ಉಲೂಲುವಿನ 25ಕ್ಕೇ ಬರಲಿ. ತಿಂಗಳೇನೋ ಹೆಚ್ಚಾಯಿತು, ತೆರಿಗೆಯ ಗಡುವು ಒಂದು ದಿನವೂ ಜರುಗಲಿಲ್ಲ.

ಇನ್ನು ಹಮ್ಮುರಬಿಯ ಶಾಸನ. 282 ಕಟ್ಟಳೆ, ಎರಡು ಮೀಟರಿಗೂ ಎತ್ತರದ ಕಪ್ಪು ಕಲ್ಲು. ಪಕ್ಕದ ರಾಜ್ಯ ಎಲಾಮಿನ ದೊರೆ ಲೂಟಿ ಮಾಡಿ ಒಯ್ದದ್ದರಿಂದ ಅದು ಸಿಕ್ಕಿದ್ದು ಇರಾನಿನ ಸೂಸಾದಲ್ಲಿ, 1901–02ರಲ್ಲಿ. ಈಗ ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ. 'ಕಣ್ಣಿಗೆ ಕಣ್ಣು' ಎಂದಷ್ಟೇ ಬರೆದು ಬಿಡಬೇಡಿ. ಕುಲೀನನ ಕಣ್ಣಿಗೆ ಮಾತ್ರ ಕಣ್ಣು. ಸಾಮಾನ್ಯನ ಕಣ್ಣು ಹೋದರೆ ಒಂದು ಮಿನಾ (ಸುಮಾರು ಅರ್ಧ ಕಿಲೋ) ಬೆಳ್ಳಿ, ಗುಲಾಮನದಾದರೆ ಅವನ ಬೆಲೆಯ ಅರ್ಧ.

ನನಗೆ ಹೆಚ್ಚು ಹಿಡಿಸಿದ್ದು 48ನೇ ಕಟ್ಟಳೆ. ಬಿರುಗಾಳಿಗೋ ಪ್ರವಾಹಕ್ಕೋ ಬೆಳೆ ಹೋದರೆ, ಅಥವಾ ನೀರಿಲ್ಲದೆ ಧಾನ್ಯ ಬೆಳೆಯದಿದ್ದರೆ, ಸಾಲಗಾರ ಆ ವರ್ಷ ಧಾನ್ಯವನ್ನೂ ಕೊಡಬೇಕಿಲ್ಲ, ಬಡ್ಡಿಯನ್ನೂ ಕೊಡಬೇಕಿಲ್ಲ. ಮೂಲದ ಮಾತು ಇನ್ನೂ ಚೆಂದ: ಅವನು 'ತನ್ನ ಹಲಗೆಯನ್ನು ಒದ್ದೆ ಮಾಡುತ್ತಾನೆ'. ಮಣ್ಣಿನ ಸಾಲಪತ್ರ ತಾನೇ, ನೀರು ತಾಗಿದರೆ ಮೆತ್ತಗಾಗುತ್ತದೆ, ತಿದ್ದಬಹುದು. ಆದರೆ ಗಮನಿಸಿ, ರಾಜ ಇಲ್ಲಿ ಬಿಟ್ಟುಕೊಟ್ಟದ್ದು ಸಾಹುಕಾರನ ಬಡ್ಡಿಯನ್ನು, ತನ್ನ ತೆರಿಗೆಯನ್ನಲ್ಲ.