ಓಡುವವರಿಗೊಂದು ಓಟ, ನೋಡುವವರಿಗೊಂದು ಓಟ

ಅಕ್ಕ ಓಡುತ್ತಿದ್ದಳು. ನಾನು ಪಕ್ಕದಲ್ಲೇ ಸೈಕಲ್ ತುಳಿಯುತ್ತಿದ್ದೆ. ಅವಳ ಮೊದಲ ಮ್ಯಾರಥಾನ್‌ಗೆ ಇನ್ನು ಆರು ವಾರವಿತ್ತು. ಅವತ್ತು 28 ಕಿಲೋಮೀಟರ್‌ನ ಲಾಂಗ್ ರನ್. ನೀರಿನ ಬಾಟಲಿ ಇಟ್ಟುಕೊಂಡು ಜೊತೆಗೆ ಬರುವುದಷ್ಟೇ ನನ್ನ ಕೆಲಸ. 22ನೇ ಕಿಲೋಮೀಟರ್ ಹೊತ್ತಿಗೆ ಅವಳ ಮುಖ ನೋಡಿ ನನ್ನ ಹೊಟ್ಟೆ ಚುರುಕ್ ಅಂದಿತು. ಹುಬ್ಬು ಗಂಟಿಕ್ಕಿತ್ತು. ಬೆವರು ಒಣಗಿ ಕೆನ್ನೆಯ ಮೇಲೆ ಉಪ್ಪಿನ ಬಿಳಿ ಗೆರೆ ಮೂಡಿತ್ತು. ಬಾಯಿ ಅರ್ಧ ತೆರೆದೇ ಇತ್ತು.

"ಸಾಕು ಅಕ್ಕ, ನಿಲ್ಲಿಸಿಬಿಡು," ಅಂದೆ.

"ಯಾಕೋ? ಈಗ ತಾನೇ ಕಾಲು ಸಡಿಲ ಆಗಿದೆ, ಉಸಿರೂ ಆರಾಮಾಗಿದೆ, ನೀನು ಸುಮ್ನೆ ಗಾಬರಿ ಮಾಡ್ಕೋಬೇಡ," ಅಂದಳು.

ಆ ಮಾತು ನನಗೆ ಧೈರ್ಯಕ್ಕೆ ಹೇಳಿದ ಹಾಗೆ ಕೇಳಿಸಿತು. ಅಷ್ಟುದ್ದದ ಮಾತನ್ನು ಅವಳು ಒಂದೇ ಉಸಿರಲ್ಲಿ, ಎಲ್ಲೂ ತಡೆಯದೆ ಹೇಳಿದ್ದಳು ಅನ್ನುವುದನ್ನು ನಾನು ಗಮನಿಸಲೇ ಇಲ್ಲ. ನೋಡಬೇಕಾಗಿದ್ದದ್ದು ಅದನ್ನು. ನಾನು ಮುಖ ನೋಡುತ್ತಿದ್ದೆ.

'ಕಷ್ಟ' ಅನ್ನುವ ಒಂದೇ ಪದ ನಮ್ಮ ಮಾತಿನಲ್ಲಿ ಎರಡು ಕೆಲಸ ಮಾಡುತ್ತದೆ. 'ಕಷ್ಟಪಟ್ಟು ಓದಿದ' ಅಂದರೆ ಶ್ರಮ ಹಾಕಿದ ಎಂದು. 'ಪಾಪ, ಕಷ್ಟದಲ್ಲಿದ್ದಾನೆ' ಅಂದರೆ ಸಂಕಟಪಡುತ್ತಿದ್ದಾನೆ ಎಂದು. ದೂರದ ಓಟದ ವಿಷಯದಲ್ಲಿ ಓಡುವವರಿಗೂ ಓಡದವರಿಗೂ ಮಾತು ಹೊಂದದಿರುವುದು ಬಹುಪಾಲು ಇಲ್ಲೇ. ಓಡುವವರು 'ಇವತ್ತು ಕಷ್ಟ ಇತ್ತು' ಅಂದರೆ ಮೊದಲನೆಯ ಅರ್ಥ. ಕೇಳಿದವರ ಕಿವಿಗೆ ಬೀಳುವುದು ಎರಡನೆಯದು.

ವಿಜ್ಞಾನಿಗಳು ಇವೆರಡನ್ನೂ ಬೇರೆ ಬೇರೆಯಾಗಿಯೇ ಅಳೆಯುತ್ತಾರೆ. ಶ್ರಮ ಎಷ್ಟು ಅನ್ನಿಸುತ್ತಿದೆ ಎಂದು ಕೇಳಲು ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ಮಾಡಿಕೊಟ್ಟ ಅಳತೆಪಟ್ಟಿ ಇವತ್ತಿಗೂ ಬಳಕೆಯಲ್ಲಿದೆ. ಅದು 6ರಿಂದ ಶುರುವಾಗಿ 20ಕ್ಕೆ ಮುಗಿಯುತ್ತದೆ. ವಿಚಿತ್ರ ಅಂಕಿ ಅನ್ನಿಸಬಹುದು. ಆದರೆ ಹೇಳಿದ ಅಂಕಿಯನ್ನು ಹತ್ತರಿಂದ ಗುಣಿಸಿದರೆ, ಹರೆಯದವರಲ್ಲಿ ಹೆಚ್ಚುಕಮ್ಮಿ ನಿಮಿಷದ ಎದೆಬಡಿತ ಸಿಗುತ್ತದೆ. ನೋವಿಗೆ ಇನ್ನೊಂದು ಪಟ್ಟಿಯೇ ಇದೆ.

ಮುಖದ ಲೆಕ್ಕವನ್ನೂ ಹಾಕಿದ್ದಾರೆ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಮುವೇಲೆ ಮಾರ್ಕೋರಾ ಮತ್ತು ಅವರ ಸಹೋದ್ಯೋಗಿ, ಜನ ಕಾಲಿನಿಂದ ಭಾರ ಎತ್ತುವಾಗ ಹುಬ್ಬು ಗಂಟಿಕ್ಕುವ ಸ್ನಾಯುವಿನ ವಿದ್ಯುತ್ ಚಟುವಟಿಕೆಯನ್ನು ಅಳೆದರು. ಭಾರ ಹೆಚ್ಚಿದಂತೆ, ದಣಿವು ಏರಿದಂತೆ, ಹುಬ್ಬಿನ ಸ್ನಾಯುವೂ ಜಾಸ್ತಿ ಬಿಗಿಯಿತು. ಅಂದರೆ ಮುಖ ಸುಳ್ಳು ಹೇಳುವುದಿಲ್ಲ. ಆದರೆ ಅದು ಹೇಳುವುದು ಶ್ರಮದ ಸುದ್ದಿ. ಸಂಕಟದ ಸುದ್ದಿ ಅಂತ ಓದಿಕೊಳ್ಳುವವರು ನಾವು.

ಉಲ್ಟಾ ತಪ್ಪನ್ನೂ ಮಾಡುತ್ತೇವೆ. 2019ರ ಅಕ್ಟೋಬರ್‌ನಲ್ಲಿ ವಿಯೆನ್ನಾದಲ್ಲಿ ಕೀನ್ಯಾದ ಎಲಿಯುಡ್ ಕಿಪ್ಚೊಗೆ ಎಂಬ ಓಟಗಾರ 42.195 ಕಿಲೋಮೀಟರನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿ ಮುಗಿಸಿದಾಗ ಟಿವಿಯಲ್ಲಿ ನೋಡಿದವರಿಗೆ ಅದು ಹಗುರ ಓಟದಂತೆ ಕಂಡಿತು. ಮುಖ ತಣ್ಣಗಿತ್ತು, ಕೊನೆಯಲ್ಲಿ ನಗುವೂ ಇತ್ತು. ಆ ವೇಗ ಎಂಥದ್ದು ಗೊತ್ತಾ? ಪ್ರತಿ 100 ಮೀಟರಿಗೆ 17 ಸೆಕೆಂಡು. ನಮ್ಮಲ್ಲಿ ಬಹಳ ಜನ ಒಂದೇ ಒಂದು ಸಲ ಹಾಗೆ ಓಡಿದರೆ ಮಂಡಿ ಹಿಡಿದು ಬಗ್ಗಿ ನಿಲ್ಲುತ್ತೇವೆ. ಅವರು ಅದನ್ನು ಒಂದರ ಹಿಂದೆ ಒಂದು 422 ಸಲ ಮಾಡಿದರು.

ನೋಡುವವರ ತಪ್ಪು ತಿಳಿವಳಿಕೆ ಓಡುವವರಿಗೆ ಎಷ್ಟು ದುಬಾರಿಯಾಗಬಹುದು ಅನ್ನುವುದಕ್ಕೆ ಒಂದು ಪ್ರಸಂಗ ಇದೆ. ಅದನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. 1928ರ ಆಮ್ಸ್ಟರ್‌ಡ್ಯಾಮ್ ಒಲಿಂಪಿಕ್ಸ್. ಮಹಿಳೆಯರಿಗೆ ಮೊದಲ ಬಾರಿಗೆ 800 ಮೀಟರ್ ಓಟ ಇಟ್ಟಿದ್ದರು. ಫೈನಲ್‌ನಲ್ಲಿ ಒಂಬತ್ತು ಜನ ಓಡಿದರು, ಒಂಬತ್ತೂ ಜನ ಮುಗಿಸಿದರು. ಗೆದ್ದ ಜರ್ಮನಿಯ ಲೀನಾ ರಾಡ್ಕೆ ವಿಶ್ವದಾಖಲೆಯನ್ನೇ ಮಾಡಿದರು. ಮುಗಿದ ಮೇಲೆ ಕೆಲವರು ಹುಲ್ಲಿನ ಮೇಲೆ ಕುಸಿದು ಕೂತು ಏದುಸಿರು ಬಿಟ್ಟರು. ಜೀವ ಬಿಟ್ಟು ಓಡಿದ ಯಾರೇ ಆದರೂ ಹಾಗೆಯೇ ಮಾಡುತ್ತಾರೆ, ಅಲ್ವಾ? ಆದರೆ ಪತ್ರಿಕೆಗಳಲ್ಲಿ ಹೆಂಗಸರು ದಾರಿಯುದ್ದಕ್ಕೂ ಕುಸಿದುಬಿದ್ದರು ಎಂಬಂತೆ ವರದಿಗಳು ಬಂದವು. ಓಟವನ್ನು ತೆಗೆದುಹಾಕಿದರು. ಅಲ್ಲಿಂದ 1960ರವರೆಗೆ, 32 ವರ್ಷ, ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ 200 ಮೀಟರಿಗಿಂತ ಉದ್ದದ ಓಟವೇ ಇರಲಿಲ್ಲ. ಮ್ಯಾರಥಾನ್ ಸಿಕ್ಕಿದ್ದು 1984ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ.

ಅದೇ 1984ರ ಮ್ಯಾರಥಾನ್‌ನಲ್ಲಿ ಸ್ವಿಟ್ಜರ್‌ಲ್ಯಾಂಡಿನ ಗೇಬ್ರಿಯೆಲಾ ಆಂಡರ್ಸನ್-ಶೀಸ್ ಬಿಸಿಲಿಗೆ ಬಸವಳಿದು, ಮೈ ಒಂದು ಕಡೆಗೆ ವಾಲಿಕೊಂಡು, ತೂರಾಡುತ್ತಾ ಕ್ರೀಡಾಂಗಣದ ಒಳಗೆ ಬಂದರು. ಕೊನೆಯ ಸುತ್ತಿಗೇ ಐದು ನಿಮಿಷಕ್ಕಿಂತ ಜಾಸ್ತಿ ಹಿಡಿಯಿತು. ಜನ ಬಾಯಿ ಮೇಲೆ ಕೈಯಿಟ್ಟುಕೊಂಡು ನೋಡಿದರು. ಅವರ ಪಕ್ಕದಲ್ಲೇ ನಡೆಯುತ್ತಿದ್ದ ವೈದ್ಯರು ಮಾತ್ರ ಮೈ ಇನ್ನೂ ಬೆವರುತ್ತಿದೆಯಾ ಎಂದು ನೋಡಿದರು. ಬೆವರು ಬರುತ್ತಿತ್ತು. ಮುಂದೆ ಹೋಗಲು ಬಿಟ್ಟರು. ಗೇಬ್ರಿಯೆಲಾ 37ನೆಯವರಾಗಿ ಗುರಿ ಮುಟ್ಟಿದರು, ಸುಮಾರು ಎರಡು ಗಂಟೆಯಲ್ಲಿ ಚೇತರಿಸಿಕೊಂಡರು. ಬಿಟ್ಟಿದ್ದು ಸರಿಯೇ ಎಂಬ ಚರ್ಚೆ ಆಮೇಲೂ ನಡೆಯಿತು. ನನಗೆ ಮುಖ್ಯ ಅನ್ನಿಸುವುದು, ಎಲ್ಲರೂ ಒಂದೇ ದೃಶ್ಯ ನೋಡಿದರೂ ಎಲ್ಲರ ಕಣ್ಣೂ ಒಂದೇ ಜಾಗದಲ್ಲಿ ಇರಲಿಲ್ಲ ಅನ್ನುವುದು.

ಹಾಗಂತ ಓಡದವರ ಮಾತು ಬರೀ ಕಲ್ಪನೆಯಲ್ಲ. ನಮ್ಮಲ್ಲಿ ಬಹಳಷ್ಟು ಜನಕ್ಕೆ ಗೊತ್ತಿರುವ ಓಟ ಒಂದೇ, ಬಸ್ ಹಿಡಿಯಲು ಓಡಿದ ಓಟ. ಅದರಲ್ಲಿ ಎದೆ ಉರಿಯುತ್ತದೆ, ಪಕ್ಕೆ ಹಿಡಿದುಕೊಳ್ಳುತ್ತದೆ, ಕಾಲು ಕಲ್ಲಾಗುತ್ತದೆ. ಅದನ್ನೇ ಮನಸ್ಸಿನಲ್ಲಿ 42 ಕಿಲೋಮೀಟರ್‌ವರೆಗೆ ಹಿಗ್ಗಿಸಿ ನೋಡಿದರೆ ಮ್ಯಾರಥಾನ್ ಓಡುವವರು ಹುಚ್ಚರಾಗಿಯೇ ಕಾಣಬೇಕು.

ಓಡಲು ಶುರುಮಾಡಿದ ತಕ್ಷಣ ಕಾಲಿನ ಸ್ನಾಯುಗಳಿಗೆ ಹಲವು ಪಟ್ಟು ಆಮ್ಲಜನಕ ಬೇಕಾಗುತ್ತದೆ. ಹೃದಯ, ಶ್ವಾಸಕೋಶಗಳು ಆ ಬೇಡಿಕೆಗೆ ಹೊಂದಿಕೊಳ್ಳಲು ಎರಡು ಮೂರು ನಿಮಿಷವಾದರೂ ಬೇಕು. ಅಭ್ಯಾಸ ಇಲ್ಲದವರಿಗೆ ಇನ್ನೂ ಜಾಸ್ತಿ. ಅಲ್ಲಿಯವರೆಗೆ ಮೈ ಸಾಲದ ಮೇಲೆ ನಡೆಯುತ್ತದೆ. ಓಡುವವರಿಗೆ ಇದು ಗೊತ್ತು. ಶುರುವಿನ ಹೊತ್ತು ಹೀಗೇ ಇರುತ್ತದೆ ಎಂದು ಸುಮ್ಮನೆ ದಾಟಿಬಿಡುತ್ತಾರೆ. ಹೊಸಬರು ಅಲ್ಲೇ ನಿಂತು 'ಇದು ನಮಗಲ್ಲ' ಎಂದು ತೀರ್ಮಾನ ಮಾಡುತ್ತಾರೆ. ವ್ಯಾಯಾಮ ಎಷ್ಟು ಹಿಡಿಸಬಹುದು ಎಂದು ಮೊದಲೇ ಅಂದಾಜು ಮಾಡಲು ಹೇಳಿ, ಮುಗಿದ ಮೇಲೆ ಮತ್ತೆ ಕೇಳಿದ ಒಂದು ಸಂಶೋಧನೆ 2011ರಲ್ಲಿ ಬಂತು. ಜನ ಅಂದುಕೊಂಡದ್ದಕ್ಕಿಂತ ಹೆಚ್ಚು ಖುಷಿಪಟ್ಟಿದ್ದರು. ಅಂದಾಜು ತಪ್ಪಲು ಕಾರಣ, ಅಹಿತವಾದ ಮೊದಲ ಕೆಲವು ನಿಮಿಷಗಳೇ ಅವರ ಕಣ್ಣ ಮುಂದೆ ದೊಡ್ಡದಾಗಿ ನಿಂತಿದ್ದು.

ವೇಗದ ಪ್ರಶ್ನೆಯೂ ಇದೆ. ವ್ಯಾಯಾಮ ಮಾಡುವಾಗ ಜನಕ್ಕೆ ಹೇಗನ್ನಿಸುತ್ತದೆ ಎಂದು ವರ್ಷಾನುಗಟ್ಟಲೆ ಅಧ್ಯಯನ ಮಾಡಿದ ಪ್ಯಾಂಟೆಲೀಮೊನ್ ಎಕ್ಕೆಕಾಕಿಸ್ ಒಂದು ಗೆರೆ ತೋರಿಸುತ್ತಾರೆ. ಉಸಿರು ಒಮ್ಮೆಲೇ ಜೋರಾಗಿ, ಮಾತಾಡುವುದು ಕಷ್ಟವಾಗುವ ಹಂತ ಅದು. ಅದರ ಕೆಳಗೆ ಹೆಚ್ಚಿನವರಿಗೆ ಹಿತವಾಗಿಯೇ ಇರುತ್ತದೆ. ಮೇಲೆ ಹೋದರೆ ಹೆಚ್ಚುಕಮ್ಮಿ ಎಲ್ಲರಿಗೂ ಕೆಟ್ಟದೆನಿಸುತ್ತದೆ, ಪಳಗಿದವರಿಗೂ ಅಷ್ಟೇ. ಪಳಗಿದವರ ಗೆರೆ ಎತ್ತರದಲ್ಲಿರುತ್ತದೆ, ವ್ಯತ್ಯಾಸ ಅಷ್ಟೇ. ಒಂದೇ ವೇಗದಲ್ಲಿ ಜೊತೆಜೊತೆಗೆ ಓಡುವ ಇಬ್ಬರಲ್ಲಿ ಒಬ್ಬರು ಗೆರೆಯ ಕೆಳಗೆ, ಇನ್ನೊಬ್ಬರು ಮೇಲೆ ಇರಬಹುದು.

ಅಕ್ಕ ನನ್ನನ್ನು ಓಡಲು ಕರೆದುಕೊಂಡು ಹೋದ ದಿನ ಒಂದೇ ನಿಯಮ ಹಾಕಿದಳು. "ಮಾತಾಡ್ತಾ ಓಡು. ಮಾತು ತಡವರಿಸಿದ್ರೆ ನಿಧಾನ ಮಾಡು." ನಾಲ್ಕು ಹೆಜ್ಜೆಗೇ ಮಾತು ತಡವರಿಸಿತು. ನಿಧಾನ ಮಾಡಿದೆ. ಮತ್ತೆ ತಡವರಿಸಿತು, ಇನ್ನೂ ನಿಧಾನ ಮಾಡಿದೆ. ಬೀಸುಗಾಲಲ್ಲಿ ನಡೆಯುತ್ತಿದ್ದ ಒಬ್ಬ ಹಿರಿಯರು ನಮ್ಮನ್ನು ದಾಟಿಕೊಂಡು ಮುಂದೆ ಹೋದರು. ಆದರೆ ಹನ್ನೆರಡನೇ ನಿಮಿಷದ ಹೊತ್ತಿಗೆ ಏನೋ ಆಯಿತು. ಉಸಿರು ತಾನಾಗಿ ಹೆಜ್ಜೆಯ ಲಯಕ್ಕೆ ಕೂತಿತು. ಮೂರು ಹೆಜ್ಜೆಗೆ ಒಳಗೆ, ಮೂರು ಹೆಜ್ಜೆಗೆ ಹೊರಗೆ. ಭುಜ ಇಳಿಯಿತು. ನನ್ನ ಕಾಲ ಸಪ್ಪಳ ನನಗೇ ಕೇಳತೊಡಗಿತು. ಇಷ್ಟು ವರ್ಷ ನಾನು ಓಟವನ್ನು ಅದರ ಹೊಸ್ತಿಲಲ್ಲೇ ನಿಂತು ಅಳೆದಿದ್ದೆ ಅನ್ನುವುದು ಆಗ ಗೊತ್ತಾಯಿತು.

ನೋವಿನ ವಿಷಯಕ್ಕೆ ಬರೋಣ. 'ಓಡುವವರಿಗೆ ನೋವೇ ಗೊತ್ತಾಗಲ್ಲ' ಅನ್ನುವ ಮಾತಿದೆ. 2009ರಲ್ಲಿ ದಕ್ಷಿಣ ಇಟಲಿಯಿಂದ ನಾರ್ವೆಯ ಉತ್ತರ ತುದಿಯವರೆಗೆ 64 ದಿನ, ಸುಮಾರು 4,500 ಕಿಲೋಮೀಟರ್ ಓಡುವ ಒಂದು ಸ್ಪರ್ಧೆ ನಡೆಯಿತು. ಅದರಲ್ಲಿ ಭಾಗವಹಿಸಿದ ಕೆಲವರ ಕೈಯನ್ನು ಮಂಜುಗಡ್ಡೆಯಷ್ಟು ತಣ್ಣಗಿನ ನೀರಿನಲ್ಲಿ ಮೂರು ನಿಮಿಷ ಇಡಿಸಿ ನೋಡಿದರು. ಅವರು ಪೂರ್ತಿ ಹೊತ್ತು ತಡೆದರು. ಓಡದವರು ಸರಾಸರಿ ಒಂದೂವರೆ ನಿಮಿಷಕ್ಕೆ ಕೈ ತೆಗೆದರು. ಆ ಓಟಗಾರರು ಹುಟ್ಟಾ ಹಾಗಿದ್ದರೋ, ಓಡಿ ಓಡಿ ಹಾಗಾದರೋ? ಆಸ್ಟ್ರೇಲಿಯಾದಲ್ಲಿ ನಡೆದ ಇನ್ನೊಂದು ಸಣ್ಣ ಪ್ರಯೋಗ ಸುಳಿವು ಕೊಡುತ್ತದೆ. ವ್ಯಾಯಾಮದ ಅಭ್ಯಾಸವಿಲ್ಲದವರಿಗೆ ಆರು ವಾರ ಸೈಕಲ್ ತುಳಿಸಿದರು. ನೋವು ಶುರುವಾಗುವ ಮಟ್ಟ ಬದಲಾಗಲಿಲ್ಲ, ಮೊದಲು ಎಲ್ಲಿ ನೋಯುತ್ತಿತ್ತೋ ಅಲ್ಲೇ ನೋಯಿತು. ಆದರೆ ಅದನ್ನು ಹೊತ್ತುಕೊಂಡು ಇರುವ ಶಕ್ತಿ ಹೆಚ್ಚಿತ್ತು.

ಇನ್ನು ಓಟದ ಖುಷಿ. ಅದಕ್ಕೆ ಮೈಯಲ್ಲೇ ತಯಾರಾಗುವ ಎಂಡಾರ್ಫಿನ್ ಎಂಬ ರಾಸಾಯನಿಕ ಕಾರಣ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಎಂಡಾರ್ಫಿನ್‌ನ ದಾರಿಯನ್ನು ಔಷಧಿಯಿಂದ ಮುಚ್ಚಿ ಜನರನ್ನು ಓಡಿಸಿದಾಗಲೂ ಆ ಖುಷಿ ಬಂದೇ ಬಂತು ಎಂದು 2021ರ ಒಂದು ಪ್ರಯೋಗ ತೋರಿಸಿತು. ಈಗ ಹೆಚ್ಚು ಅನುಮಾನ ಇರುವುದು ಮಿದುಳು ತಾನೇ ತಯಾರಿಸುವ ಅನಂಡಮೈಡ್ ಎಂಬ ರಾಸಾಯನಿಕದ ಮೇಲೆ. 1992ರಲ್ಲಿ ಅದನ್ನು ಗುರುತಿಸಿದವರು ನಮಗೆಲ್ಲ ಗೊತ್ತಿರುವ 'ಆನಂದ' ಪದದಿಂದಲೇ ಆ ಹೆಸರಿಟ್ಟರು. ಮನುಷ್ಯ, ನಾಯಿ, ಫೆರೆಟ್ ಎಂಬ ಮುಂಗುಸಿಯಂಥ ಪ್ರಾಣಿ, ಮೂವರನ್ನೂ ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡಿದಾಗ ದೂರ ಓಡುವ ಜಾತಿಗೆ ಸೇರಿದ ಮೊದಲ ಇಬ್ಬರ ರಕ್ತದಲ್ಲಿ ಮಾತ್ರ ಅದು ಏರಿತು.

ಮಂಡಿ ಸವೆದುಹೋಗುತ್ತದೆ ಅನ್ನುವ ಮಾತನ್ನು ಓಡುವ ಪ್ರತಿಯೊಬ್ಬರೂ ಕೇಳಿರುತ್ತಾರೆ. ಹಲವು ಅಧ್ಯಯನಗಳನ್ನು ಒಟ್ಟುಸೇರಿಸಿದ 2017ರ ಲೆಕ್ಕದಲ್ಲಿ ಹವ್ಯಾಸಕ್ಕೆ ಓಡುವವರಲ್ಲಿ ಮಂಡಿ ಅಥವಾ ಸೊಂಟದ ಕೀಲು ಸವೆತ ಇದ್ದದ್ದು ಶೇ. 3.5 ಜನಕ್ಕೆ. ಓಡದೆ ಕೂತೇ ಇರುವವರಲ್ಲಿ ಶೇ. 10.2. ಸ್ಪರ್ಧೆಗಾಗಿಯೇ ಬದುಕುವವರಲ್ಲಿ ಶೇ. 13.3. ಮಂಡಿ ಚೆನ್ನಾಗಿರುವವರೇ ಓಟ ಮುಂದುವರಿಸಿರಬಹುದು ಅನ್ನುವುದನ್ನು ಮರೆಯಬಾರದು. ಆದರೂ ಓಡಿದರೆ ಮಂಡಿ ಹೋಗುತ್ತದೆ ಎಂದು ಅಷ್ಟು ಖಚಿತವಾಗಿ ಹೇಳಲು ಈ ಅಂಕಿ ಬಿಡುವುದಿಲ್ಲ.

ಓಡುವವರ ಕಣ್ಣಿಗೂ ಪೊರೆ ಬರುತ್ತದೆ. ಅಕ್ಕ ತನ್ನ ಮ್ಯಾರಥಾನ್‌ನ ಹಿಂದಿನ ವರ್ಷ ಮುಂಗಾಲಿನ ಒಂದು ನೋವನ್ನು ಎರಡು ವಾರ ಕಡೆಗಣಿಸಿ ಓಡಿದ್ದಳು. ಮಾಮೂಲಿ ಸ್ನಾಯುನೋವು ಹರಡಿಕೊಂಡಿರುತ್ತದೆ, ಮೈ ಬಿಸಿಯಾದರೆ ಕರಗುತ್ತದೆ. ಅವಳದು ಒಂದು ಬೆರಳಿನಲ್ಲಿ ಒತ್ತಿ ತೋರಿಸಬಹುದಾದ ಮೂಳೆಯ ನೋವು, ಓಡಿದಷ್ಟೂ ಹೆಚ್ಚುತ್ತಿತ್ತು. ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟಿತ್ತು. ನೋವನ್ನು ಹೊರುವುದು ಕಲಿತವರಿಗೆ ನೋವಿನ ಮಾತು ಕೇಳುವುದು ಕೆಲವೊಮ್ಮೆ ಮರೆತುಹೋಗುತ್ತದೆ. ಆಗ ಅವಳ ಕುಂಟು ಹೆಜ್ಜೆಯನ್ನು ಮೊದಲು ಗುರುತಿಸಿದ್ದು ಓಡದೇ ಇದ್ದ ನಮ್ಮ ಅಮ್ಮ.

ಒಬ್ಬರೇ ಓಟಗಾರರು ಕೂಡ ತಮ್ಮ ಓಟವನ್ನು ಎರಡು ಥರ ಕಾಣುತ್ತಾರೆ. ಪೋಲೆಂಡಿನ ಮನಶ್ಶಾಸ್ತ್ರಜ್ಞ ಪ್ಶೆಮಿಸ್ವಾಫ್ ಬೊಂಬೆಲ್ ಮ್ಯಾರಥಾನ್ ಮುಗಿಸಿದವರನ್ನು ಅಲ್ಲೇ ನಿಲ್ಲಿಸಿ ಎಷ್ಟು ನೋವಿದೆ ಎಂದು ಕೇಳಿದರು. ಮೂರು ಅಥವಾ ಆರು ತಿಂಗಳ ನಂತರ, ಅವತ್ತು ಎಷ್ಟು ನೋವಿತ್ತು ಎಂದು ಅವರನ್ನೇ ಮತ್ತೆ ಕೇಳಿದರು. ನೆನಪಿನಲ್ಲಿ ನೋವು ಇಳಿದಿತ್ತು.

ಅಕ್ಕನ ಮ್ಯಾರಥಾನ್ ದಿನ 38ನೇ ಕಿಲೋಮೀಟರಿನಲ್ಲಿ ನಾನು ರಸ್ತೆ ಬದಿ ನೀರು ಹಿಡಿದು ನಿಂತಿದ್ದೆ. "ಇನ್ನು ಜನ್ಮದಲ್ಲಿ ಬೇಡ ಕಣೋ ಇದು," ಎಂದು ಬಾಟಲಿ ಇಸಿದುಕೊಂಡು ಹೋದಳು. ಅವಳು ಹೇಳಿದ್ದನ್ನು ಮೊಬೈಲ್‌ನಲ್ಲಿ ಬರೆದಿಟ್ಟುಕೊಂಡೆ. ನಾಲ್ಕು ತಿಂಗಳಾದ ಮೇಲೆ, ಮುಂದಿನ ಮ್ಯಾರಥಾನ್‌ಗೆ ಹೆಸರು ಕೊಡುತ್ತಿದ್ದವಳಿಗೆ ಅದನ್ನು ತೋರಿಸಿದೆ. ಎರಡು ಸಲ ಓದಿಕೊಂಡಳು. "ನಾನು ಹೀಗಂದ್ನಾ? ಇಲ್ಲಪ್ಪ, ಆ ಹೊತ್ತಿಗೆ ಚೆನ್ನಾಗೇ ಇದ್ದೆ," ಅಂದಳು.